ಚಾಮರಾಜಪೇಟೆಯ ಮದ್ರಾಸ್ ತಾರಸಿ: ಮೂರನೆಯ ಸಲಕ್ಕೆ ನಿಂತ ಸೋರಿಕೆ

ಕೆ.ಆರ್. ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದ ಚಾಮರಾಜಪೇಟೆಯ ಒಂದು ಹಳೆಯ ಮನೆಯ ಸೋರುತ್ತಿದ್ದ ಮದ್ರಾಸ್ ತಾರಸಿಯನ್ನು (ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿ ಮಾಡುವ ಹಳೆಯ ಕಾಲದ ಚಾವಣಿ) ಒಡೆದು ಆರ್‌ಸಿಸಿ ಹಾಕಿಬಿಡಿ ಎಂದು ನನಗೆ ಹೇಳದ ಮೇಸ್ತ್ರಿಯಿಲ್ಲ. ಸೋರಿಕೆ ನಿಂತು ಈಗ ಎರಡು ಮಳೆಗಾಲ ಕಳೆದಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. 1892ರಲ್ಲಿ ರೂಪುಗೊಂಡ ಈ ಬಡಾವಣೆಯಲ್ಲಿ ಹಳೆಯ ಮನೆಗಿಂತ ನಿವೇಶನಕ್ಕೇ ಬೆಲೆ ಹೆಚ್ಚು; ಹೀಗಾಗಿ ರಿಪೇರಿ ಎಂದೊಡನೆ ಮಾಲೀಕರ ನೆಂಟರೇ ನಕ್ಕಿದ್ದರು.

ಮೊದಲನೆಯ ಸಲ ಕೆಟ್ಟದ್ದು ನನ್ನ ಆತುರದಿಂದ. ಸುಣ್ಣವನ್ನು ನಾಲ್ಕೇ ದಿನ ನೆನೆಸಿ, ಇಟ್ಟಿಗೆ ಜಲ್ಲಿಯೊಂದಿಗೆ ಕಲಸಿ, ಏಪ್ರಿಲ್ ಬಿಸಿಲಿನಲ್ಲಿ ಒಂದು ಮೂಲೆಯ 150 ಚದರಡಿಗೆ ಹಾಸಿದೆ. ಅರಳದೆ ಉಳಿದಿದ್ದ ಸುಣ್ಣದ ಹರಳುಗಳು ತಿಂಗಳೊಳಗೆ ಸಿಡಿದು, ಮೇಲೆಲ್ಲ ಕಡಲೆಕಾಳಿನಷ್ಟು ಗುಳಿಗಳು ಬಿದ್ದವು. ಸುಮಾರು 70 ಸಾವಿರ ರೂಪಾಯಿ ನೀರುಪಾಲಾಯಿತು. ಎರಡನೆಯ ಸಲ ಬೇಗ ಗಟ್ಟಿಯಾಗಲೆಂದು ಗಾರೆಗೆ ಒಂದಿಷ್ಟು ಸಿಮೆಂಟು ಬೆರೆಸಿದೆ. ಮರದ ಜಂತೆಗಳು ಹಿಗ್ಗಿ ಕುಗ್ಗುವಾಗ ಗಾರೆ ಅಷ್ಟಿಷ್ಟು ಹೊಂದಿಕೊಳ್ಳುತ್ತದೆ, ಸಿಮೆಂಟು ಸೀಳುತ್ತದೆ. ಜಂತೆಯ ಸಾಲಿಗೆ ಸರಿಯಾಗಿಯೇ ಕೂದಲೆಳೆಯ ಬಿರುಕುಗಳು ಮೂಡಿದವು. ಆ ನಷ್ಟದ ಲೆಕ್ಕ ಹೇಳದಿರುವುದೇ ಲೇಸು, ಅರ್ಧ ನಾನೇ ಭರಿಸಿದೆ.

ಮೂರನೆಯ ಸಲ ಸುಣ್ಣವನ್ನು ಹೆಚ್ಚುಕಡಿಮೆ ನಾಲ್ಕು ವಾರ ನೀರಿನಲ್ಲಿಯೇ ಬಿಟ್ಟು, ಬೆಣ್ಣೆಯಂತಾದ ಮೇಲೆ ಜರಡಿ ಹಿಡಿದು, ಮೂರೂವರೆ ಅಂಗುಲ ದಪ್ಪಕ್ಕೆ ಹಾಸಿ, ಆರೇಳು ಜನರಿಂದ ಮರದ ಕೊಡತಿಯಲ್ಲಿ ಐದು ದಿನ ಬಡಿಸಿದೆ. ಬಡಿಯುವಾಗ ಚಿಮುಕಿಸಿದ್ದು ಬೆಲ್ಲ ಮತ್ತು ಅಳಲೆಕಾಯಿಯ ನೀರು. ಅದರ ಪ್ರಮಾಣವನ್ನು ಇಲ್ಲಿ ಬರೆಯಲಾರೆ, ಅದು ನನ್ನ ಹೊಟ್ಟೆಪಾಡು. ಮೊದಲ ದಿನ ಪಚಕ್ಕನೆ ಹೂತುಹೋಗುತ್ತಿದ್ದ ಕೊಡತಿ ಐದನೆಯ ದಿನ ಗಟ್ಟಿ ಸದ್ದು ಮಾಡಿ ಮೇಲಕ್ಕೆ ಚಿಮ್ಮತೊಡಗಿದಾಗ ನಿಲ್ಲಿಸಿದೆ, ಅನಂತರ ಎರಡು ವರಸೆ ಚಪ್ಪಟೆ ಹೆಂಚು ಹಾಸಿದೆ. ಈ ನಡುವೆ ಹಿತ್ತಲಿನ ಬಚ್ಚಲುಮನೆಯ ತಾರಸಿಗೆ ಬೆಲ್ಲದ ಬದಲು ಕತ್ತಾಳೆ ರಸ ಹಾಕಿ ನೋಡಿದೆ. ಇರುವೆ ಮುತ್ತಲಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಲಾಭವೇನೂ ಕಾಣಲಿಲ್ಲ.

600 ಚದರಡಿಯ ಆ ತಾರಸಿಗೆ ಕೊನೆಯ ಸಲ ತಗುಲಿದ್ದು ಚದರಡಿಗೆ 450 ರೂಪಾಯಿಯ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿಯೇ. ನೀರು ಕಟ್ಟಿ ಮೂರು ದಿನ ಬಿಟ್ಟಾಗ ಕೆಳಗಿನ ಕೋಣೆಯಲ್ಲಿ ತೇವ ಕಾಣಿಸಿದ್ದು ಒಂದೇ ಕಡೆ, ಮಳೆನೀರಿನ ಪೈಪು ಇಳಿಯುವ ಮೂಲೆಯಲ್ಲಿ. ಅಷ್ಟನ್ನು ಮಾತ್ರ ಕಿತ್ತು, ಪುನಃ ಬಡಿಸಿದೆ.