ಬಳ್ಳಾರಿ ಬಿಸಿಲಲ್ಲಿ ಲೇಸರ್ ಮಷೀನ್: ಟ್ಯೂಬ್ ಬದಲಿಸುವ ಮೊದಲು

"ಮಷೀನ್ ಕಟ್ ಮಾಡ್ತಿಲ್ಲ ಅಣ್ಣ, ಟ್ಯೂಬ್ ಹೋಗ್ಯದೇನೋ" ಅಂತ ಫೋನ್ ಬಂದರೆ ನಾನು ಕೇಳುವುದು ಎರಡೇ ಪ್ರಶ್ನೆ. ನೀರು ಎಷ್ಟು ಡಿಗ್ರಿ ಇದೆ? ಲೆನ್ಸ್ ಯಾವಾಗ ಒರೆಸಿದ್ರಿ? ನಮ್ಮ ಊರಿನಲ್ಲಿ ಹೆಚ್ಚಿನ ತಕರಾರು ಇವೆರಡರಲ್ಲೇ ಸಿಕ್ಕಿಬಿಡುತ್ತದೆ. ಟ್ಯೂಬಿಗೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಇದನ್ನು ಓದಿ. ಕೌಲ್ ಬಜಾರಿನಲ್ಲಿ ನೇಮ್‌ಪ್ಲೇಟ್, ಶೀಲ್ಡ್, ಜೀನ್ಸ್ ಪ್ಯಾಚ್ ಕೆಲಸ ಮಾಡುವವನು ನಾನು. ಗಾಜಿನ ಟ್ಯೂಬಿನೊಳಗೆ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಲೇಸರ್ ಬೆಳಕು ಹುಟ್ಟುವ ಸಿಓಟು ಮಷೀನಿಗಷ್ಟೇ ಈ ಮಾತು ಅನ್ವಯ, ಫೈಬರ್ ಮಷೀನಿನ ದಾರಿಯೇ ಬೇರೆ.

ಮೊದಲು ನೀರು. ಟ್ಯೂಬಿನೊಳಗೆ ಹರಿಯುವ ನೀರು 20ರಿಂದ 25 ಡಿಗ್ರಿ ಒಳಗಿದ್ದರೆ ಟ್ಯೂಬ್ ಆರಾಮಾಗಿರುತ್ತದೆ. 30 ದಾಟಿದರೆ ಪವರ್ ಬೀಳುತ್ತದೆ, ಆಯುಷ್ಯವೂ ಕಡಿಮೆಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಮಾಮೂಲು. ಮಷೀನ್ ಜೊತೆ ಸಿಡಬ್ಲ್ಯೂ-3000 ಅಂತ ಒಂದು ಡಬ್ಬ ಬರುತ್ತದಲ್ಲ, ಅದಕ್ಕೆ ಚಿಲ್ಲರ್ ಅಂತ ಹೆಸರಿದೆ ಅಷ್ಟೇ. ಒಳಗಿರುವುದು ರೇಡಿಯೇಟರ್ ಮತ್ತು ಫ್ಯಾನು, ಕಂಪ್ರೆಸರ್ ಇಲ್ಲ. ಅಂಗಡಿಯೊಳಗಿನ ಗಾಳಿಗಿಂತ ತಣ್ಣಗೆ ನೀರನ್ನು ಅದು ಮಾಡಲಾರದು. ಬೇಸಿಗೆಯಲ್ಲೂ ದಿನಪೂರ್ತಿ ಕೆಲಸ ಇದೆ ಅನ್ನುವವರು ಕಂಪ್ರೆಸರ್ ಇರುವ ಸಿಡಬ್ಲ್ಯೂ-5000 ಅಥವಾ 5200 ತೆಗೆದುಕೊಳ್ಳಿ. ಸದ್ಯಕ್ಕೆ ಆಗುವುದಿಲ್ಲವೆಂದರೆ ಕಟಿಂಗ್ ಕೆಲಸವನ್ನು ಬೆಳಗ್ಗೆ ಬೇಗ ಮುಗಿಸಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮುಚ್ಚಳ ಬಿಗಿಮಾಡಿ ಟ್ಯಾಂಕಿನಲ್ಲಿ ಇಡಬಹುದು. ಐಸನ್ನು ನೇರವಾಗಿ ಸುರಿಯಬೇಡಿ, ಗಾಜು ಸೀಳುತ್ತದೆ. ಮಳೆಗಾಲದಲ್ಲಿ ಚಿಲ್ಲರ್ ಇದೆ ಅಂತ 15ಕ್ಕೆ ಇಳಿಸುವುದೂ ಬೇಡ. ಟ್ಯೂಬಿನ ಮೇಲೆ ಹನಿ ಕಟ್ಟಿ ಹೈ ವೋಲ್ಟೇಜ್ ಕಿಡಿ ಹಾರುತ್ತದೆ.

ಬೋರಿನ ಸವಳು ನೀರು ಹಾಕಲೇಬಾರದು. ಉಪ್ಪಿರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಒಳಗೆ ಬಿಳಿ ಪದರವೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ, ಪೈಪಿನಲ್ಲಿ ಹಸಿರು ಕಾಣುವ ಮೊದಲೇ ಬದಲಿಸಿ. ನೀರು ಬದಲಿಸಿದ ಮೇಲೆ ಟ್ಯೂಬನ್ನು ದಿಟ್ಟಿಸಿ ನೋಡಿ: ಗಾಳಿಗುಳ್ಳೆ ನಿಂತಿದ್ದರೆ ಅಲ್ಲಿ ಗಾಜು ಕಾದು ಬಿರುಕು ಬಿಡುತ್ತದೆ. ಪಂಪ್ ಓಡುತ್ತಿರುವಾಗ ಪೈಪನ್ನು ಹಿಸುಕಿ ಬಿಟ್ಟು, ಮಷೀನಿನ ಒಂದು ಬದಿ ಸ್ವಲ್ಪ ಎತ್ತಿ ಗುಳ್ಳೆ ಹೊರಗೆ ಕಳಿಸಿ. ಲೇಸರ್ ಮಾತ್ರ ಆಫ್ ಇರಬೇಕು.

ಎರಡನೆಯದು ಲೆನ್ಸ್. ಇಲ್ಲಿ ಅದಿರಿನ ಕೆಂಧೂಳು ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ, ಜೊತೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹೊಗೆಯ ಅಂಟು, ಜೀನ್ಸಿನ ನೂಲು. ಇವು ಮೂರೂ ಸೇರಿ ಲೆನ್ಸ್ ಮೇಲೆ ಕೂತರೆ ಬೆಳಕು ದಾಟುವ ಬದಲು ಅಲ್ಲೇ ಬಿಸಿಯಾಗಿ ಲೆನ್ಸ್ ಒಡೆಯುತ್ತದೆ. ಒರೆಸುವ ಕ್ರಮ ಹೀಗೆ. ಲೆನ್ಸ್ ತಣ್ಣಗಾಗಲಿ. ರಬ್ಬರ್ ಬ್ಲೋವರಿನಿಂದ ಧೂಳು ಹಾರಿಸಿ, ಬಾಯಿಂದ ಊದಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿಗೆ ಸುತ್ತುತ್ತಾ ತನ್ನಿ. ಕಡ್ಡಿ ಕಪ್ಪಾದರೆ ಎಸೆದು ಹೊಸದು ತೆಗೆಯಿರಿ. ಅದೇ ಕಡ್ಡಿಯಲ್ಲಿ ಉಜ್ಜಿದರೆ ಧೂಳಿನ ಕಣವೇ ಗೀರು ಹಾಕುತ್ತದೆ. ಮತ್ತೆ ಕೂರಿಸುವಾಗ ಉಬ್ಬಿದ ಮುಖ ಮೇಲಕ್ಕೆ. ತಿರುಗಾಮುರುಗಾ ಹಾಕಿದರೂ ಕಟ್ ಆಗುತ್ತದೆ, ಆದರೆ ಗೆರೆ ದಪ್ಪ ಬರುತ್ತದೆ. ಲೆನ್ಸ್ ಮಾಡಿರುವುದು ಜಿಂಕ್ ಸೆಲೆನೈಡಿನಿಂದ, ಅದು ವಿಷ. ಒಡೆದರೆ ಗ್ಲೌಸ್ ಹಾಕಿ, ಒದ್ದೆ ಪೇಪರಿನಿಂದ ಚೂರು ಎತ್ತಿ.

ಮಷೀನಿನ ಒಂದು ಮೂಲೆಯಲ್ಲಿ ಚೆನ್ನಾಗಿ ಕಟ್ ಆಗಿ ಎದುರು ಮೂಲೆಯಲ್ಲಿ ಆಗುತ್ತಿಲ್ಲವೆಂದರೆ ಟ್ಯೂಬಿನ ತಪ್ಪಿಲ್ಲ, ಬೆಳಕನ್ನು ಟ್ಯೂಬಿನಿಂದ ಲೆನ್ಸಿಗೆ ತಿರುಗಿಸುವ ಕನ್ನಡಿಯ ಅಲೈನ್‌ಮೆಂಟ್ ತಪ್ಪಿದೆ. ಕನ್ನಡಿಯ ಮುಂದೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕಡಿಮೆ ಪವರಿನಲ್ಲಿ ಒಮ್ಮೆ ಪಲ್ಸ್ ಒತ್ತಿ. ಲೆನ್ಸ್ ಇರುವ ಹೆಡ್ಡನ್ನು ಹತ್ತಿರ ತಂದಾಗಲೂ ದೂರ ಒಯ್ದಾಗಲೂ ಸುಟ್ಟ ಚುಕ್ಕೆ ಒಂದೇ ಜಾಗದಲ್ಲಿ ಬೀಳಬೇಕು. ಟ್ಯೂಬಿನ ಕಡೆಯ ಕನ್ನಡಿಯಿಂದ ಶುರುಮಾಡಿ ವರಸೆಯಾಗಿ ಬನ್ನಿ. ಕೊನೆಯ ಕನ್ನಡಿಯ ಸ್ಕ್ರೂ ತಿರುಗಿಸಿ ಮೊದಲನೆಯದರ ತಪ್ಪು ಮುಚ್ಚಲು ಹೋದರೆ ದಿನ ಕಳೆದರೂ ಸರಿಯಾಗದು. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಪಲ್ಸ್ ಒತ್ತುವಾಗ ಅದರ ದಾರಿಯಲ್ಲಿ ಕೈ, ಮುಖ ಇರಬಾರದು.

ಎಂಗ್ರೇವಿಂಗಿನಲ್ಲಿ ಅಕ್ಷರ ಎರಡೆರಡು ಕಂಡರೆ ಬೆಲ್ಟ್ ಸಡಿಲ, ಅಥವಾ ಹೆಡ್ಡಿನ ಲೆನ್ಸ್ ಹೋಲ್ಡರ್ ಅಲುಗುತ್ತಿದೆ. ಹೆಡ್ ಓಡಾಡುವ ರೈಲನ್ನು ಮೊದಲು ಬಟ್ಟೆಯಿಂದ ಒರೆಸಿ, ಆಮೇಲೆ ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ. ಧೂಳಿನ ಮೇಲೇ ಎಣ್ಣೆ ಬಿಟ್ಟರೆ ಉಜ್ಜುಕಾಗದದಂತೆ ಬೇರಿಂಗ್ ತಿನ್ನುತ್ತದೆ.

ಬೆಳಕೇ ಬರುತ್ತಿಲ್ಲವೆಂದರೆ ಟ್ಯೂಬಿಗೆ ಹೋಗುವ ಕರೆಂಟ್ ತೋರಿಸುವ ಮಿಲಿಆಂಪ್ ಮೀಟರ್ ನೋಡಿ. ಮುಳ್ಳು ಏಳುತ್ತಿಲ್ಲವೇ? ನೀರಿನ ಸೆನ್ಸರ್, ಮುಚ್ಚಳದ ಸ್ವಿಚ್, ಆಮೇಲೆ ಪವರ್ ಸಪ್ಲೈ, ಈ ಕ್ರಮದಲ್ಲಿ ನೋಡಿ. ಮುಳ್ಳು ಮಾಮೂಲಿನಂತೆ ಎದ್ದು, ನೀರು, ಲೆನ್ಸ್, ಕನ್ನಡಿ ಎಲ್ಲ ಸರಿಯಿದ್ದೂ ಕಟ್ ಆಗದಿದ್ದರೆ ಆಗ ಟ್ಯೂಬಿನ ಮೇಲೆ ಅನುಮಾನ ಪಡಿ. ಪವರ್ ಸಪ್ಲೈಯನ್ನು ನೀವೇ ಬಿಚ್ಚಬೇಡಿ, ಅಲ್ಲಿರುವುದು ಸಾವಿರಾರು ವೋಲ್ಟು, ಸ್ವಿಚ್ ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗುತ್ತದೆ, ಅದಕ್ಕೆ ಆಗಾಗ ನೀರು ಹಾಕಿಸಿ.

ಇನ್ನು ಜೀನ್ಸ್ ಊರಿನವರಿಗೆ ಬೇಕೇಬೇಕಾದ ಮಾತು. ಪ್ಯಾಂಟಿನ ಹಿಂದಿನ ಪ್ಯಾಚ್‌ಗೆ ಅಂತ ರೆಕ್ಸಿನ್ ತಂದುಕೊಟ್ಟು "ಇದರ ಮೇಲೆ ಹೆಸರು ಹೊಡೀರಿ" ಅನ್ನುತ್ತಾರೆ. ಅದು ಪಿವಿಸಿ (ಕ್ಲೋರಿನ್ ಇರುವ ಪ್ಲಾಸ್ಟಿಕ್) ಆಗಿದ್ದರೆ ಸುಟ್ಟಾಗ ಹೈಡ್ರೋಕ್ಲೋರಿಕ್ ಆಸಿಡ್ ಆವಿ ಏಳುತ್ತದೆ. ರೈಲು ತುಕ್ಕು ಹಿಡಿಯುತ್ತದೆ, ಕನ್ನಡಿ ಹಾಳಾಗುತ್ತದೆ, ಅದಕ್ಕಿಂತ ಮೊದಲು ಕೆಲಸದ ಹುಡುಗರ ಎದೆ ಹಾಳಾಗುತ್ತದೆ. ಪರೀಕ್ಷೆ ಸುಲಭ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ. ಉರಿಯಲ್ಲಿ ಹಸಿರು ಬಣ್ಣ ಪೂರ್ತಿ ಹೋಗುವವರೆಗೂ ಕಾಯಿರಿ. ಆ ತಂತಿಯನ್ನು ರೆಕ್ಸಿನ್ ಚೂರಿಗೆ ಒತ್ತಿ, ಅಂಟಿದ ಕರಿಯೊಂದಿಗೆ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಆ ಮಾಲು ವಾಪಸ್ ಕಳಿಸಿ. ಬಾಗಿಲ ಹೊರಗೆ, ಗಾಳಿಯಾಡುವಲ್ಲಿ ಮಾಡಿ. ಗಿರಾಕಿಯ ಎದುರಿಗೇ ಮಾಡಿ ತೋರಿಸಿದರೆ ಅವರೇ ನಿಜವಾದ ಚರ್ಮ ಅಥವಾ ಡೆನಿಮ್ ಪ್ಯಾಚ್‌ಗೆ ಒಪ್ಪುತ್ತಾರೆ.