ರೈಲು ರದ್ದಾದ ಸುದ್ದಿ ನಿಮ್ಮ ಫೋನಿಗೆ ಬರಬೇಕಾದರೆ ಏನು ಮಾಡಬೇಕು?

2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಪಕ್ಕದ ಗುಡ್ಡ ಕುಸಿಯಿತು. ಬೆಂಗಳೂರು–ಮಂಗಳೂರು ಮಾರ್ಗದ ರೈಲುಗಳು ದಿನಗಟ್ಟಲೆ ನಿಂತವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಾಟಿ, 57 ಸುರಂಗ. ಎಲ್ಲೋ ಒಂದು ಕಡೆ ಮಣ್ಣು ಜಾರಿದರೂ ಇಡೀ ಮಾರ್ಗ ಬಂದ್. ಇಂಥ ದಿನಗಳಲ್ಲಿ ಕೆಲವರಿಗೆ ಮನೆಯಲ್ಲಿರುವಾಗಲೇ ಮೆಸೇಜ್ ಬರುತ್ತದೆ. ಇನ್ನು ಕೆಲವರು ಬ್ಯಾಗು, ಮಕ್ಕಳನ್ನು ಕಟ್ಟಿಕೊಂಡು ಸ್ಟೇಷನ್ನಿಗೆ ಬಂದ ಮೇಲೆ ಬೋರ್ಡ್ ನೋಡಿ ತಿಳಿದುಕೊಳ್ಳುತ್ತಾರೆ.

ಇದು ಅದೃಷ್ಟದ ಮಾತಲ್ಲ. ರೈಲ್ವೆ ಎಸ್ಸೆಮ್ಮೆಸ್ ಕಳಿಸುವುದು ಟಿಕೆಟ್ಟಿನ ಪಿಎನ್‌ಆರ್, ಅಂದರೆ ರಿಸರ್ವೇಷನ್ ನಂಬರ್ ಜೊತೆ ದಾಖಲಾದ ಮೊಬೈಲ್ ನಂಬರಿಗೆ. ಪ್ರಯಾಣಿಕರು ಯಾರು ಎಂದು ಹುಡುಕಿ ಅದು ಕಳಿಸುವುದಿಲ್ಲ.

ಮೊದಲು ನಂಬರ್ ನೋಡಿಕೊಳ್ಳಿ

ಟಿಕೆಟ್ ಮಗ ಬುಕ್ ಮಾಡುತ್ತಾನೆ, ಪ್ರಯಾಣ ಮಾಡುವುದು ಅಪ್ಪ–ಅಮ್ಮ. ಮೆಸೇಜ್ ಮಗನಿಗೆ ಹೋಗುತ್ತದೆ, ಅವನು ಆಫೀಸ್ ಮೀಟಿಂಗಿನಲ್ಲಿರುತ್ತಾನೆ. ಏಜೆಂಟ್ ಮೂಲಕ ಮಾಡಿಸಿದರೆ ಇನ್ನೂ ಕಷ್ಟ, ಎಷ್ಟೋ ಸಲ ಅಲ್ಲಿ ಏಜೆಂಟರ ನಂಬರೇ ಇರುತ್ತದೆ. ಹಾಗಾಗಿ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡುವಾಗ ಮೊಬೈಲ್ ನಂಬರ್ ಕೇಳುವ ಜಾಗದಲ್ಲಿ ಪ್ರಯಾಣ ಮಾಡುವವರ ನಂಬರನ್ನೇ ಹಾಕಿ. ಕೌಂಟರಿನ ರಿಸರ್ವೇಷನ್ ಫಾರ್ಮಿನಲ್ಲೂ ನಂಬರಿಗೆ ಜಾಗವಿದೆ. ಅವಸರದಲ್ಲಿ ಅದನ್ನು ಖಾಲಿ ಬಿಡುವವರೇ ಜಾಸ್ತಿ. ಪ್ರಯಾಣದ ಹಿಂದಿನ ದಿನ ಫೋನಿನ ಸ್ಪ್ಯಾಮ್ ಫೋಲ್ಡರನ್ನೂ ಒಮ್ಮೆ ತೆರೆದು ನೋಡಿ.

ಪಾಸ್ ಇಟ್ಟುಕೊಂಡವರು ಏನು ಮಾಡಬೇಕು?

ಮಂಡ್ಯ, ರಾಮನಗರ, ತುಮಕೂರು, ಬಂಗಾರಪೇಟೆ ಕಡೆಯಿಂದ ದಿನಾ ಬೆಂಗಳೂರಿಗೆ ಓಡಾಡುವವರ ಹತ್ತಿರ ಇರುವುದು ಸೀಸನ್ ಟಿಕೆಟ್. ಅದಕ್ಕೆ ಪಿಎನ್‌ಆರ್ ಇಲ್ಲ, ಹಾಗಾಗಿ ಎಸ್ಸೆಮ್ಮೆಸ್ಸೂ ಇಲ್ಲ. ದಿನಾ ರೈಲು ನಂಬಿಕೊಂಡವರಿಗೇ ಹೇಳುವವರಿಲ್ಲ. ಇದು ಸರಿಯಲ್ಲ ಅನ್ನಿಸುತ್ತದೆ, ಅಲ್ವಾ? ಸದ್ಯಕ್ಕೆ ಸುದ್ದಿಯನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಎಕ್ಸ್‌ನಲ್ಲಿ ನೈರುತ್ಯ ರೈಲ್ವೆಯ ಅಧಿಕೃತ ಖಾತೆಯನ್ನೂ ನಿಮ್ಮ ವಿಭಾಗದ ಡಿಆರ್‌ಎಂ (ವಿಭಾಗದ ಮುಖ್ಯ ಅಧಿಕಾರಿ) ಖಾತೆಯನ್ನೂ ಫಾಲೋ ಮಾಡಿ. ವಿಭಾಗಗಳು ಮೂರು: ಹುಬ್ಬಳ್ಳಿ, ಬೆಂಗಳೂರು, ಮೈಸೂರು. ಬರೀ ಫಾಲೋ ಮಾಡಿದರೆ ಸಾಲದು, ಗಂಟೆಯ ಚಿತ್ರ ಒತ್ತಿ ನೋಟಿಫಿಕೇಷನ್ ಆನ್ ಮಾಡಿ. ಹಳಿ ಕಾಮಗಾರಿಗೆ ತೆಗೆದುಕೊಳ್ಳುವ ಲೈನ್ ಬ್ಲಾಕ್, ಅಂದರೆ ಆ ಹಳಿಯಲ್ಲಿ ರೈಲು ಬಿಡದ ಅವಧಿ, ಸಾಮಾನ್ಯವಾಗಿ ಮೊದಲೇ ನಿಗದಿಯಾಗಿರುತ್ತದೆ. ಅದರ ಪ್ರಕಟಣೆ ಇಲ್ಲಿ ಸಿಗುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಪ್ರಯಾಣಿಕರ ವಾಟ್ಸಾಪ್ ಗ್ರೂಪುಗಳು ಇದಕ್ಕಿಂತ ಚುರುಕು, ನಿಜ. ಆದರೆ ಅಲ್ಲಿ ಹೋದ ವರ್ಷದ ಪ್ರಕಟಣೆಯ ಫೋಟೋ ಕೂಡ ಹೊಸದರಂತೆ ಸುತ್ತುತ್ತಿರುತ್ತದೆ. ದಿನಾಂಕ ನೋಡದೆ ಫಾರ್ವರ್ಡ್ ಮಾಡಬೇಡಿ.

ಎನ್‌ಟಿಇಎಸ್ ಹಾಕಿಕೊಳ್ಳಿ

ಇದು ರೈಲ್ವೆಯದೇ ವಿಚಾರಣೆ ಆ್ಯಪ್. ನೋಡಲು ಅಂಥ ಚಂದವೇನಿಲ್ಲ, ಆದರೆ ಮಾಹಿತಿ ಮೂಲದಿಂದಲೇ ಬರುತ್ತದೆ. ರೈಲಿನ ನಂಬರ್ ಹೊಡೆದರೆ ಅದು ಎಲ್ಲಿದೆ ಎಂದು ತೋರಿಸುತ್ತದೆ. ರದ್ದಾದ, ಸಮಯ ಬದಲಾದ, ಮಾರ್ಗ ಬದಲಾದ ರೈಲುಗಳ ಪಟ್ಟಿ ಬೇರೆ ಬೇರೆಯಾಗಿ ಸಿಗುತ್ತದೆ. ಮನೆ ಬಿಡುವ ಮುಂಚೆ ಒಮ್ಮೆ ನೋಡಿ.

ಬಹಳ ಜನ ಬಳಸುವ ‘ವೇರ್ ಈಸ್ ಮೈ ಟ್ರೇನ್’ ಬೆಂಗಳೂರಿನ ಸಿಗ್‌ಮಾಯ್ಡ್ ಲ್ಯಾಬ್ಸ್ ಮಾಡಿದ ಆ್ಯಪ್. 2018ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು. ರೈಲಿನೊಳಗೆ ಕೂತಾಗ ಇಂಟರ್ನೆಟ್ ಇಲ್ಲದಿದ್ದರೂ ಮೊಬೈಲ್ ಟವರ್ ಹಿಡಿದು ಎಲ್ಲಿದ್ದೀರಿ ಎಂದು ಹೇಳುತ್ತದೆ. ಘಾಟಿಯಲ್ಲಿ ಟವರೇ ಸಿಗದಿದ್ದರೆ ಅದೂ ಏನು ಮಾಡೀತು! ರೈಲು ಎಲ್ಲಿದೆ ಎನ್ನುವುದಕ್ಕೆ ಇದು ಒಳ್ಳೆಯದು. ರದ್ದಾಗಿದೆಯೋ ಇಲ್ಲವೋ ಎನ್ನುವುದನ್ನು ಮಾತ್ರ ಎನ್‌ಟಿಇಎಸ್‌ನಲ್ಲೇ ಖಚಿತ ಮಾಡಿಕೊಳ್ಳಿ.

ಸ್ಮಾರ್ಟ್‌ಫೋನ್ ಇಲ್ಲದವರು 139ಕ್ಕೆ ಫೋನ್ ಮಾಡಬಹುದು. ಎಸ್ಸೆಮ್ಮೆಸ್ಸೂ ಆಗುತ್ತದೆ. ಇಂಗ್ಲಿಷಿನಲ್ಲಿ ‘ಸ್ಪಾಟ್’ (SPOT) ಎಂದು ಬರೆದು, ಜಾಗ ಬಿಟ್ಟು ರೈಲಿನ ನಂಬರ್ ಹಾಕಿ 139ಕ್ಕೆ ಕಳಿಸಿ.

ಪ್ರಕಟಣೆ ಓದುವುದನ್ನು ಕಲಿಯಿರಿ

ಸುದ್ದಿ ಕೈಗೆ ಬಂದರೂ ಅದರ ಭಾಷೆ ಗೊತ್ತಿಲ್ಲದೆ ಮೋಸಹೋಗುವವರು ಬೇಕಾದಷ್ಟು ಜನ. ‘ಭಾಗಶಃ ರದ್ದು’ ಎಂದರೆ ರೈಲು ಓಡುತ್ತದೆ, ಆದರೆ ಪೂರ್ತಿ ಅಲ್ಲ. ಮೈಸೂರಿನಿಂದ ಹೊರಟ ರೈಲು ಕೆಂಗೇರಿಯಲ್ಲೇ ನಿಂತುಬಿಡಬಹುದು. ಇದನ್ನು ಶಾರ್ಟ್ ಟರ್ಮಿನೇಟ್ ಎನ್ನುತ್ತಾರೆ. ವಾಪಸ್ ಬರುವಾಗ ಅದು ಹೊರಡುವುದೂ ಕೆಂಗೇರಿಯಿಂದಲೇ. ‘ಮಾರ್ಗ ಬದಲಾವಣೆ’ ಇದ್ದರೆ ನಿಮ್ಮ ಊರು ಹೊಸ ಮಾರ್ಗದಲ್ಲಿ ಇದೆಯೋ ನೋಡಿ. ಬೆಂಗಳೂರು–ಕಣ್ಣೂರು ರೈಲನ್ನು ಸೇಲಂ ಕಡೆಯಿಂದ ತಿರುಗಿಸಿದರೆ, ಹಾಸನದಲ್ಲಿ ಎಷ್ಟು ಹೊತ್ತು ಕಾದರೂ ಅದು ಬರುವುದಿಲ್ಲ. ‘ರೀಶೆಡ್ಯೂಲ್’ ಎಂದರೆ ಹೊರಡುವ ಸ್ಟೇಷನ್ನಿನಿಂದಲೇ ತಡವಾಗಿ ಬಿಡುತ್ತಾರೆ. ‘ಮಾರ್ಗಮಧ್ಯೆ 30 ನಿಮಿಷ ನಿಯಂತ್ರಣ’ ಎಂದಿದ್ದರೆ ದಾರಿಯಲ್ಲಿ ಎಲ್ಲೋ ಅಷ್ಟು ಹೊತ್ತು ನಿಲ್ಲಿಸುತ್ತಾರೆ.

ದಿನಾಂಕದ ವಿಷಯದಲ್ಲೂ ಹುಷಾರು. ಪ್ರಕಟಣೆಯಲ್ಲಿರುವುದು ರೈಲು ತನ್ನ ಮೊದಲ ಸ್ಟೇಷನ್ ಬಿಡುವ ದಿನ. ಬೆಂಗಳೂರಿನಿಂದ ಸಂಜೆ ಹೊರಡುವ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ (16595) ಕರಾವಳಿ ಮುಟ್ಟುವುದು ಮಾರನೇ ದಿನ ಬೆಳಗಿನ ಜಾವ. ‘26ರಂದು ರದ್ದು’ ಎಂದಿದ್ದರೆ, ಉಡುಪಿಯಲ್ಲಿ ಹತ್ತುವವರಿಗೆ ಇಲ್ಲವಾಗುವುದು 27ರ ರೈಲು.

ಇನ್ನೊಂದು ಉಪಾಯ. ಕಾರವಾರಕ್ಕೆ ಹೋಗುವ ರೈಲೇ ಓಡದಿದ್ದರೆ, ಅಲ್ಲಿಂದ ವಾಪಸ್ ಹೊರಡಲು ಬೋಗಿಗಳು ಎಲ್ಲಿಂದ ಬರಬೇಕು? ಹಾಗಾಗಿ ನಿಮ್ಮ ರೈಲಿನ ಜೋಡಿ ನಂಬರನ್ನೂ ನೋಡುತ್ತಿರಿ. 16595 ಇವತ್ತು ರದ್ದಾದರೆ ನಾಳೆಯ 16596 ಅನುಮಾನ. ಬರುವ ರೈಲು ನಾಲ್ಕು ಗಂಟೆ ತಡವಾಗಿದ್ದರೆ ಹೊರಡುವುದೂ ತಡವಾಗಬಹುದು. ಮೆಸೇಜ್ ಬರುವ ಮೊದಲೇ ನಿಮಗೆ ಸುಳಿವು ಸಿಕ್ಕಿರುತ್ತದೆ.

ರೈಲು ನಿಂತಿತೆಂದು ಬಸ್ಸಿಗೆ ಓಡುವ ಮುಂಚೆ ರಸ್ತೆಯನ್ನೂ ವಿಚಾರಿಸಿ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯಲ್ಲೂ ಮಣ್ಣು ಕುಸಿದಿತ್ತು. ಘಾಟಿ ರಸ್ತೆ ಮುಚ್ಚುವ, ತೆರೆಯುವ ಆದೇಶ ಹೊರಡಿಸುವುದು ಜಿಲ್ಲಾಧಿಕಾರಿ. ಹಾಸನ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಸುದ್ದಿ ನೋಡಬೇಕು.

ದುಡ್ಡು ವಾಪಸ್

ರೈಲು ಪೂರ್ತಿ ರದ್ದಾಗಿ, ನಿಮ್ಮದು ಇ–ಟಿಕೆಟ್ ಆಗಿದ್ದರೆ ಏನೂ ಮಾಡಬೇಕಿಲ್ಲ. ಹಣ ತಾನಾಗಿ ಖಾತೆಗೆ ಬರುತ್ತದೆ. ‘ರೀಫಂಡ್ ಬೇಕಿದ್ದರೆ ಈ ಲಿಂಕ್ ಒತ್ತಿ, ಒಟಿಪಿ ಹೇಳಿ’ ಎಂದು ಯಾರಾದರೂ ಕೇಳಿದರೆ ಅದು ಕಳ್ಳರ ಕೆಲಸ. ಕೌಂಟರ್ ಟಿಕೆಟ್ ಆದರೆ ರೈಲು ಹೊರಡಬೇಕಿದ್ದ ದಿನದಿಂದ 3 ದಿನದೊಳಗೆ ಕೌಂಟರಿಗೆ ಕೊಟ್ಟು ಹಣ ಪಡೆಯಬೇಕು. ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹೋಗುವುದೇ ಬೇಡ ಎಂದುಕೊಂಡರೂ ಪೂರ್ತಿ ಹಣ ಸಿಗುತ್ತದೆ. ಅದಕ್ಕೆ ಇ–ಟಿಕೆಟ್ ಇರುವವರು ಐಆರ್‌ಸಿಟಿಸಿಯಲ್ಲಿ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ ಹಾಕಬೇಕು. ಅದೂ ರೈಲು ನಿಮ್ಮ ಸ್ಟೇಷನ್ ಬಿಡುವ ಮುಂಚೆಯೇ.