ಸೋರದ ಬನ್ನಿ ಚೌ: ನನ್ನ ಅನುಭವ

ಬನ್ನಿ ಚೌ ದಕ್ಷಿಣ ಆಫ್ರಿಕಾದ ಡರ್ಬನ್ನಿನ ತಿಂಡಿ: ಬ್ರೆಡ್ ಲೋಫಿನ ತುಂಡಿನಿಂದ ತಿರುಳು ತೆಗೆದು, ಒಳಗೆ ಗೊಜ್ಜು ತುಂಬಿ, ತೆಗೆದ ತಿರುಳನ್ನೇ ಮುಚ್ಚಳವಾಗಿ ಮೇಲಿಡುವುದು. ಮೊದಲ ಶನಿವಾರ ಇಪ್ಪತ್ತನಾಲ್ಕು ಕ್ವಾರ್ಟರ್, ಅಂದರೆ ಕಾಲು ಲೋಫಿನ, ಮಟನ್ ಬನ್ನಿ ಮಾರಿದೆ, ಒಂಬತ್ತರ ತಳ ಸೋರಿತು. ಒಬ್ಬ ಗಿರಾಕಿಯ ಬಿಳಿ ಅಂಗಿಯ ಮೇಲೆ ಕೆಂಪೆಣ್ಣೆ ಎದೆಯಿಂದ ಹೊಟ್ಟೆಯವರೆಗೆ ಇಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂಬತ್ತು ಜನಕ್ಕೂ ಎಂಬತ್ತೆಂಬತ್ತು ರ‍್ಯಾಂಡ್ ವಾಪಸ್ ಕೊಟ್ಟೆ. ಮಾಂಸ, ಬ್ರೆಡ್, ಜಾಗದ ಬಾಡಿಗೆ ಎಲ್ಲ ಸೇರಿ ಹದಿಮೂರು ನೂರರ ಹತ್ತಿರ ಹಾಕಿದ್ದೆ. ಕೈಗೆ ಬಂದದ್ದು ಹನ್ನೆರಡು ನೂರು. ಅಂಗಿಯ ಡ್ರೈಕ್ಲೀನಿಂಗ್ ಖರ್ಚು ಬೇರೆ.

ಡರ್ಬನ್ನಿನಲ್ಲಿ ಬನ್ನಿ ಚೌ ಮಾರಲು ಹೊರಟ ಮಂಡ್ಯದವನನ್ನು ನೋಡಿ ಇಲ್ಲಿಯವರು ನಗುವುದು ಸಹಜ. 1860ರಿಂದ ಮದ್ರಾಸಿನ ಹಡಗು ಹತ್ತಿ ಕಬ್ಬಿನ ಗದ್ದೆಗೆ ಬಂದವರ ಮರಿಮಕ್ಕಳ ತಿಂಡಿ ಇದು. ವ್ಯಾಪಾರಿ ಎಂಬ ಅರ್ಥದ ಬನಿಯಾ ಎನ್ನುವುದೇ ಬನ್ನಿ ಆಯಿತು ಎನ್ನುತ್ತಾರೆ. ಊರಿನಲ್ಲಿರುವ ಅಕ್ಕ ಫೋನಿನಲ್ಲಿ, "ಬನ್ನಿ ಬನ್ನಿ ಎಂದು ಕರೆದೇ ಮಾರುತ್ತೀಯೇನೋ?" ಎಂದು ಕೇಳಿದಳು. ಇಂಗ್ಲಿಷಿನಲ್ಲಿ ಬನ್ನಿ ಎಂದರೆ ಮೊಲ, ಆದರೆ ಇದು ಮೊಲದ ಮಾಂಸವಲ್ಲ ಎಂದು ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಕರೆನ್ಸಿ ಮುಗಿಯಿತು.

ಸೋರಿದ್ದಕ್ಕೆ ಅರ್ಧ ಕಾರಣ ನನ್ನ ಸಾರು. ಮನೆಯ ರೂಢಿಯಂತೆ ತೆಂಗಿನಕಾಯಿ ರುಬ್ಬಿ ಹಾಕಿದ್ದೆ. ಮುದ್ದೆಗೆ ಹೇಳಿ ಮಾಡಿಸಿದ ಆ ಸಾರು ಬ್ರೆಡ್ಡಿಗೆ ನೀರಿನ ಸಮಾನ. ಸಾಲದ್ದಕ್ಕೆ ಇಲ್ಲಿಯ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ ಬೇರೆ. ಮುಂದಿನ ವಾರ ಕಾರ್ನ್‌ಫ್ಲೋರ್ ಕಲಸಿ ಹಾಕಿದೆ, ಗೊಜ್ಜು ಅಂಟಿನಂತೆ ಹೊಳೆಯಿತು. ಹುರಿಗಡಲೆ ಪುಡಿ ಹಾಕಿ ನೋಡಿದೆ. ರುಚಿ ಚೆನ್ನಾಗಿತ್ತು, ಆದರೆ ಅದು ಒಲೆಯಿಂದ ಇಳಿಸಿದ ಮೇಲೂ ಗಟ್ಟಿಯಾಗುತ್ತಲೇ ಹೋಗಿ ಎರಡು ಗಂಟೆಗೆ ಗಾರೆಯಂತೆ ಕೂತಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಆಲೂಗಡ್ಡೆಯೇ. ಐದು ಕೆಜಿ ಮೂಳೆ ಸಹಿತ ಮಟನ್‌ಗೆ ಎರಡೂವರೆ ಕೆಜಿ ಆಲೂಗಡ್ಡೆ. ಅದರಲ್ಲಿ ಮೂರನೇ ಒಂದು ಪಾಲನ್ನು ಟೊಮೇಟೊ ಜೊತೆಯಲ್ಲೇ ಹಾಕಿ ಕರಗಿಹೋಗಲು ಬಿಡುತ್ತೇನೆ, ಉಳಿದದ್ದನ್ನು ದೊಡ್ಡ ಹೋಳಾಗಿ ಕೊನೆಯ ಅರ್ಧ ಗಂಟೆಗೆ. ಶುಕ್ರವಾರ ಸಂಜೆ ಬೇಯಿಸಿ, ತಣಿಸಿ, ಫ್ರಿಜ್ಜಿನಲ್ಲಿಟ್ಟು, ಶನಿವಾರ ಚೆನ್ನಾಗಿ ಕುದಿಸುತ್ತೇನೆ. ಕುದಿಯುವುದನ್ನು ಹಾಗೆಯೇ ಸುರಿಯುವುದಿಲ್ಲ. ಗುಳ್ಳೆ ನಿಂತು, ಮೇಲೆ ಎಣ್ಣೆಯ ಪದರ ಕಟ್ಟಿದ ಮೇಲೆಯೇ ಸೌಟು ಇಳಿಸುವುದು.

ಇನ್ನರ್ಧ ಕಾರಣ ನಡು ತುಂಡು. ಈ ಕೆಲಸ ಮಾಡುವವರಿಗೆ ಗೊತ್ತಿರುವ ಸಂಕಟ: ಒಂದು ಲೋಫ್ ನಾಲ್ಕು ಮಾಡಿದರೆ ಎರಡು ಕೊನೆಗಳಿಗೆ ಮಾತ್ರ ತೊಗಟೆಯ ತಳ ಸಿಗುತ್ತದೆ, ನಡುವಿನ ಎರಡಕ್ಕೆ ಬರೀ ಮೆತ್ತನೆಯ ತಿರುಳು. ನನ್ನಲ್ಲಿ ಸೋರಿದ ಒಂಬತ್ತೂ ನಡುವಿನವೇ. ಕೊನೆಗಳನ್ನಷ್ಟೇ ಮಾರಿದರೆ ವಾರಕ್ಕೆ ಆರರ ಬದಲು ಹನ್ನೆರಡು ಲೋಫ್ ಬೇಕು. ಒಂದಕ್ಕೆ ಹದಿನೆಂಟು ರ‍್ಯಾಂಡ್, ಲೆಕ್ಕ ನೀವೇ ಹಾಕಿ. ಕಂದು ಬ್ರೆಡ್ಡಿಗೆ ಇಲ್ಲಿ ವ್ಯಾಟ್ ಇಲ್ಲ, ಬಿಳಿಯದಕ್ಕೆ ಶೇ. 15. ಆ ಆಸೆಗೆ ಒಂದು ವಾರ ಕಂದು ತಂದೆ. ಜನ ಮೂಸಿ ನೋಡಿ ಮುಂದೆ ಹೋದರು.

ನಾನು ಮಾಡಿದ್ದು ಇಷ್ಟು. ಬ್ರೆಡ್ ಹಿಂದಿನ ದಿನದ್ದು, ಹೋಳು ಮಾಡಿರದ ಲೋಫ್. ನಡು ತುಂಡಿನ ತಿರುಳನ್ನು ಪೂರ್ತಿ ತೆಗೆಯದೆ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಸ್ಟೀಲ್ ಲೋಟದ ತಳದಿಂದ ಅದುಮುತ್ತೇನೆ. ಮೊದಲು ಸುತ್ತ ಅಂಚಿಗೆ, ಆಮೇಲೆ ನಡುವಿಗೆ. ಅದರ ದಪ್ಪ ಒಂದೂವರೆ ಬೆರಳಿಗೆ ಇಳಿದು, ಒತ್ತಿದರೆ ಮತ್ತೆ ಮೇಲೇಳದಂತೆ ಕೂರಬೇಕು. ಅದರ ಮೇಲೆ ತೆಳುವಾಗಿ ಒಂದು ವಸ್ತು ಸವರುತ್ತೇನೆ. ಬೆಣ್ಣೆಯಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಪಕ್ಕದ ಮನೆಯ ಆಂಟಿ ಹುಟ್ಟಿದಾಗಿನಿಂದ ಬನ್ನಿ ತಿಂದವರು. ನನ್ನ ಲೋಟ ನೋಡಿ, "ಬನ್ನಿಗೆ ಬೆಳಗಿನ ಬ್ರೆಡ್ಡೇ ಆಗಬೇಕು. ನೀನು ಮಾಡುತ್ತಿರುವುದು ಇಟ್ಟಿಗೆ," ಎಂದರು. ಮುಚ್ಚಳ ಚಿಕ್ಕದಾಯಿತು ಎಂಬ ದೂರೂ ಬಂತು, ಅದು ನಿಜವೇ. ತಿರುಳು ಒಳಗೇ ಉಳಿದರೆ ಮೇಲಿಡುವ ತುಂಡು ಚಿಕ್ಕದಾಗಲೇಬೇಕು, ಅದನ್ನು ಅದ್ದಿಕೊಂಡು ತಿನ್ನುವುದರಲ್ಲೇ ಇಲ್ಲಿಯವರ ಅರ್ಧ ಸುಖ. ಅದಕ್ಕೆ ಕ್ಯಾರೆಟ್-ಈರುಳ್ಳಿ-ಹಸಿಮೆಣಸಿನ ಸಾಂಬಲ್ (ಕೋಸಂಬರಿಯಂಥದ್ದು) ಒಂದು ಹಿಡಿ ಹೆಚ್ಚು ಹಾಕಿ ಬಾಯಿ ಮುಚ್ಚಿಸಿದೆ.

ನಡುವೆ ರಾಗಿಯ ಹುಚ್ಚೂ ಹಿಡಿದಿತ್ತು. ಊರಿನಿಂದ ತಂದ ಹಿಟ್ಟನ್ನು ಮೈದಾಕ್ಕೆ ಅರ್ಧಕ್ಕರ್ಧ ಬೆರೆಸಿ ಲೋಫ್ ಸುಟ್ಟೆ. ಉಬ್ಬಲೇ ಇಲ್ಲ. ಮೂರನೇ ಒಂದು ಪಾಲಿಗೆ ಇಳಿಸಿದಾಗ ಉಬ್ಬಿತು, ಚಾಕು ತಾಗಿದ ಕೂಡಲೇ ಗೋಡೆ ಕುಸಿಯಿತು. ಆ ದಿನ ಒಡೆದ ರಾಗಿ ಬ್ರೆಡ್ಡನ್ನು ಸಾರಿನಲ್ಲಿ ನೆನೆಸಿ ನಾನೂ ನನ್ನ ಹೆಂಡತಿಯೂ ತಿಂದೆವು, ಚೆನ್ನಾಗಿಯೇ ಇತ್ತು. ಬೀನ್ಸ್ ಬನ್ನಿಯ ಜಾಗದಲ್ಲಿ ಅವರೆಕಾಳು ಹಾಕಿದ್ದು ಮಾತ್ರ ಗೆದ್ದಿತು, ಮಾಂಸ ತಿನ್ನದ ಏಳೆಂಟು ಜನ ಅದಕ್ಕೆಂದೇ ಬರುತ್ತಾರೆ.

ಈಗ ಇಪ್ಪತ್ತನಾಲ್ಕರಲ್ಲಿ ಸೋರುವುದು ಹೆಚ್ಚೆಂದರೆ ಒಂದು, ಅದೂ ನಾನು ಮಾತಿಗೆ ನಿಂತ ದಿನ. ಖರ್ಚು ಕಳೆದು ವಾರಕ್ಕೆ ಆರು ನೂರು ರ‍್ಯಾಂಡ್‌ನಷ್ಟು ಉಳಿಯುತ್ತದೆ. ಹನ್ನೊಂದಕ್ಕೆ ಇಟ್ಟ ಪಾತ್ರೆ ಒಂದೂವರೆಗೆ ಖಾಲಿ. ಆಂಟಿ ಕೊನೆಯ ತುಂಡು ಬೇಡ, ನಡುವಿನದೇ ಕೊಡು ಎನ್ನುತ್ತಾರೆ. ದುಡ್ಡು ಕೊಡುವುದಿಲ್ಲ, ಅದು ಬೇರೆ ಮಾತು.